ಕಚ್ಚಿಕೊಂಡ ತಿರುಪು ಭಾಗಗಳ ಬಿಡಿಸುವಿಕೆ

ಕಚ್ಚಿಕೊಂಡ ತಿರುಪು ಭಾಗಗಳ ಬಿಡಿಸುವಿಕೆ ಎಂಬುದು ತುಕ್ಕು, ಶಾಖ, ಇಂಗಾಲದ ಕರಿ ಅಥವಾ ಎರಡು ಭಿನ್ನ ಲೋಹಗಳ ನಡುವಿನ ರಾಸಾಯನಿಕ ಕ್ರಿಯೆಯಿಂದಾಗಿ ತಿರುಗದಂತೆ ಹಿಡಿದುಕೊಂಡಿರುವ ಬೋಲ್ಟು, ನಟ್ಟು, ಸ್ಟಡ್ಡು, ಸ್ಪಾರ್ಕ್ ಪ್ಲಗ್ಗು ಮುಂತಾದವನ್ನು, ಅವು ಕುಳಿತಿರುವ ಮೂಲ ಭಾಗಕ್ಕೆ ಹಾನಿಯಾಗದಂತೆ ಹೊರತೆಗೆಯುವ ಕಾರ್ಯವಿಧಾನವಾಗಿದೆ. ಹಳೆಯ ಕಾರುಗಳ ಎಂಜಿನ್ ದುರಸ್ತಿಯಲ್ಲಿ ಇದು ಅತಿ ಸಾಮಾನ್ಯವಾದ ಮತ್ತು ಅತಿ ಹೆಚ್ಚು ನಷ್ಟ ಉಂಟುಮಾಡಬಲ್ಲ ಹಂತ. ಬೋಲ್ಟಿನ ಬೆಲೆ ಕೆಲವೇ ರೂಪಾಯಿಗಳಾಗಿರಬಹುದು. ಆದರೆ ಅದು ತುಂಡಾಗಿ ಒಳಗೆ ಉಳಿದರೆ ಹಾಳಾಗುವುದು ಸಿಲಿಂಡರ್ ಹೆಡ್ಡು ಅಥವಾ ಬ್ಲಾಕು. ತಯಾರಿಕೆ ನಿಂತುಹೋದ ಕಾರುಗಳಲ್ಲಿ ಅಂತಹ ಎರಕದ ಭಾಗಗಳಿಗೆ ಬದಲಿ ಸಿಗುವುದು ಕಷ್ಟ. ಆದ್ದರಿಂದ ಈ ಕೆಲಸದಲ್ಲಿ ಕಾಪಾಡಬೇಕಾದದ್ದು ತಿರುಪನ್ನಲ್ಲ, ಅದು ಕುಳಿತಿರುವ ರಂಧ್ರವನ್ನು.

ಪರಿಭಾಷೆ

ತಿರುಪಿನ ಮೈಮೇಲೆ ಸುರುಳಿಯಾಗಿ ಏರುವ ಗೆರೆಯನ್ನು ತಿರುಪೆಳೆ ಎನ್ನಬಹುದು. ಮೆಕ್ಯಾನಿಕರ ಮಾತಿನಲ್ಲಿ ಇದು ಥ್ರೆಡ್ಡು. ತಲೆಯುಳ್ಳದ್ದು ಬೋಲ್ಟು. ತಲೆಯಿಲ್ಲದೆ ಎರಡೂ ತುದಿಗಳಲ್ಲಿ ಎಳೆಯಿದ್ದು, ಒಂದು ತುದಿ ಬ್ಲಾಕಿನೊಳಗೆ ಹೂತು ಇನ್ನೊಂದು ತುದಿಗೆ ನಟ್ಟು ಕೂರುವಂಥದ್ದು ಸ್ಟಡ್ಡು. ಆಚೆ ಬದಿಗೆ ತೆರೆದುಕೊಳ್ಳದ ರಂಧ್ರವನ್ನು ಕುರುಡು ರಂಧ್ರ ಎನ್ನುತ್ತಾರೆ.

ಕಚ್ಚಿಕೊಳ್ಳಲು ಕಾರಣಗಳು

ಬೋಲ್ಟನ್ನು ಬಿಗಿಮಾಡಲು ನಾವು ಹಾಕುವ ಶ್ರಮದಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಭಾಗಗಳನ್ನು ಒತ್ತಿಹಿಡಿಯುವ ಬಲವಾಗಿ ಪರಿಣಮಿಸುತ್ತದೆ. ಸುಮಾರು ಅರ್ಧದಷ್ಟು ಬೋಲ್ಟಿನ ತಲೆಯ ಅಡಿಯ ಘರ್ಷಣೆಗೂ, ಉಳಿದದ್ದು ಎಳೆಗಳ ನಡುವಿನ ಘರ್ಷಣೆಗೂ ವ್ಯಯವಾಗುತ್ತದೆ. ಎಂಜಿನಿಯರಿಂಗ್ ಪಠ್ಯಗಳಲ್ಲಿ ಕಾಣುವ ಈ ಸ್ಥೂಲ ಲೆಕ್ಕ ಬಿಚ್ಚುವಾಗಲೂ ನೆನಪಿಡತಕ್ಕದ್ದು. ಹಿಡಿತ ಎರಡು ಕಡೆ ಇರುತ್ತದೆ, ತಲೆಯ ಅಡಿಯಲ್ಲಿ ಮತ್ತು ಎಳೆಗಳಲ್ಲಿ. ಅನೇಕರು ಎಳೆಗಳನ್ನಷ್ಟೇ ಯೋಚಿಸಿ ತಲೆಯ ಅಡಿಗೆ ಎಣ್ಣೆ ತಲುಪಿಸುವುದನ್ನು ಮರೆಯುತ್ತಾರೆ.

ತುಕ್ಕು ಮೊದಲ ಕಾರಣ. ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಸೇರಿ ತುಕ್ಕಾದಾಗ ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದು ಛಾವಣಿಯ ಗಾರೆಯನ್ನು ಉದುರಿಸುವುದು ಇದೇ ಕಾರಣದಿಂದ. ಎಳೆಗಳ ನಡುವೆ ಇರುವುದು ಕೂದಲೆಳೆಯಷ್ಟೂ ಇಲ್ಲದ ಸಂದು. ಅಲ್ಲಿ ಬೆಳೆದ ತುಕ್ಕಿಗೆ ಹೋಗಲು ಬೇರೆ ದಾರಿಯಿಲ್ಲದೆ ಅದು ಬೆಣೆಯಂತೆ ಎರಡೂ ಬದಿಯನ್ನು ಒತ್ತುತ್ತದೆ.

ಎರಡನೆಯದು ಗ್ಯಾಲ್ವನಿಕ್ ಸಂಕ್ಷಾರಣ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ತೇವವಿದ್ದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶ ಏರ್ಪಡುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಹೀಗೆ ಹುಟ್ಟುವ ಬಿಳಿಯ ಪುಡಿ ಗಟ್ಟಿಯಾಗಿ ಸಂದನ್ನು ತುಂಬುತ್ತದೆ. ಉಪ್ಪು ಈ ಕ್ರಿಯೆಯನ್ನು ತೀವ್ರಗೊಳಿಸುತ್ತದೆಯಾದ್ದರಿಂದ ಮಂಗಳೂರು, ಕಾರವಾರದಂತಹ ಕರಾವಳಿಯ ಊರುಗಳಲ್ಲಿ ಹಲವು ಮಳೆಗಾಲ ಕಳೆದ ಕಾರು, ಒಳನಾಡಿನ ಒಣಹವೆಯಲ್ಲಿ ನಿಂತ ಅದೇ ವಯಸ್ಸಿನ ಕಾರಿಗಿಂತ ಹೆಚ್ಚು ಕಾಡುತ್ತದೆ.

ಇವಲ್ಲದೆ ನಿಷ್ಕಾಸ ಭಾಗದ ಪದೇ ಪದೇ ಕಾಯುವಿಕೆ ಮತ್ತು ತಣಿಯುವಿಕೆ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕೂರುವ ಇಂಗಾಲ, ಹಿಂದಿನವರು ಬಳಸಿದ ಬಣ್ಣ ಅಥವಾ ಅಂಟು, ಅಡ್ಡೆಳೆ ಬಿದ್ದ ತಿರುಪು ಇವೂ ಕಾರಣಗಳಾಗುತ್ತವೆ. ಕಾರಣ ಯಾವುದೆಂದು ತಿಳಿದರೆ ಮದ್ದು ಯಾವುದೆಂಬುದು ಬಹುಪಾಲು ತಿಳಿದಂತೆಯೇ. ತುಕ್ಕಿಗೆ ಎಣ್ಣೆ ಮತ್ತು ಕಾಲ, ಅಂಟಿಗೆ ಶಾಖ; ಅಡ್ಡೆಳೆಗೆ ಇವೆರಡೂ ನಾಟುವುದಿಲ್ಲ.

ಕಷ್ಟ ಕೊಡುವ ಜಾಗಗಳು

ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಎರಡು ಕಾರುಗಳು ಇದಕ್ಕೆ ಒಳ್ಳೆಯ ಉದಾಹರಣೆಗಳು. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಬ್ರಿಟಿಷ್ ಮೂಲದ 1489 ಸಿಸಿ ಬಿಎಂಸಿ ಬಿ-ಸರಣಿ ಎಂಜಿನ್. ಇದರ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣದವು. ಆದುದರಿಂದ ಇಲ್ಲಿನ ಮುಖ್ಯ ಶತ್ರು ತುಕ್ಕು. ನಿಷ್ಕಾಸ ಮ್ಯಾನಿಫೋಲ್ಡಿನ ಸ್ಟಡ್ಡುಗಳು ಮತ್ತು ಥರ್ಮೋಸ್ಟಾಟ್ ಮುಚ್ಚಳದ ಸ್ಟಡ್ಡುಗಳು ಹೆಚ್ಚು ತೊಂದರೆ ಕೊಡುತ್ತವೆ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಫಿಯಟ್ 1100 ಮೂಲದ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ನಿನಲ್ಲಾದರೋ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ಡು ಕೂರುತ್ತದೆ. ಅಲ್ಲಿ ಉಕ್ಕು ಅಲ್ಯೂಮಿನಿಯಮ್ಮಿನ ಜಗಳ ಮುಖ್ಯ. ಪ್ಲಗ್ಗು ತಿರುಗಿದರೂ ಮೆತ್ತನೆಯ ಅಲ್ಯೂಮಿನಿಯಂ ಎಳೆಗಳನ್ನು ತನ್ನೊಡನೆ ಕಿತ್ತುಕೊಂಡು ಬರುವ ಅಪಾಯವಿದೆ.

ಸಾಮಾನ್ಯವಾಗಿ ಹೇಳುವುದಾದರೆ, ಶೀತಕದ ನೀರು ತಾಗುವ ಜಾಗ, ನಿಷ್ಕಾಸದ ಬಿಸಿ ತಾಗುವ ಜಾಗ ಮತ್ತು ರಸ್ತೆಯ ಕೆಸರು ಸಿಡಿಯುವ ಜಾಗ ಈ ಮೂರನ್ನು ಮೊದಲೇ ಗುರುತಿಸಿಕೊಂಡು, ಕೆಲಸಕ್ಕೆ ಒಂದೆರಡು ದಿನ ಮುಂಚೆಯೇ ಅಲ್ಲಿಗೆಲ್ಲ ಎಣ್ಣೆ ಹಾಕಿಡುವುದು ಉಚಿತ.

ಸ್ಪ್ಯಾನರ್ ಹಿಡಿಯುವ ಮುನ್ನ

ಹಳೆಯ ಕಾರುಗಳಲ್ಲಿ ಎಳೆಗಳ ಪದ್ಧತಿ ಒಂದೇ ಬಗೆಯದಲ್ಲ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ 55 ಡಿಗ್ರಿ ಕೋನದ ಎಳೆಯನ್ನು ಬ್ರಿಟಿಷ್ ಯಂತ್ರಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಳಸಿದವು. ಎರಡನೆಯ ಮಹಾಯುದ್ಧದ ನಂತರ ಅಮೆರಿಕ, ಬ್ರಿಟನ್ ಮತ್ತು ಕೆನಡಾ ಒಪ್ಪಿಕೊಂಡ ಯೂನಿಫೈಡ್ ಪದ್ಧತಿಯದೂ ಮೆಟ್ರಿಕ್ ಪದ್ಧತಿಯದೂ 60 ಡಿಗ್ರಿ ಕೋನ. ಅಂಬಾಸಿಡರಿನ ಬಿ-ಸರಣಿ ಎಂಜಿನ್ ಯೂನಿಫೈಡ್ ಪದ್ಧತಿಯದು, ಪದ್ಮಿನಿ ಮೆಟ್ರಿಕ್. ಅರ್ಧ ಇಂಚಿನ ನಟ್ಟಿಗೆ 13 ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಅದು ಕೂರುತ್ತದೆ. ಆದರೆ ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಉಳಿದ 0.3 ಮಿಲಿಮೀಟರ್ ಸಡಿಲವೇ ಬಿಗಿದ ನಟ್ಟಿನ ಆರು ಮೂಲೆಗಳನ್ನು ಸವೆಸಿ ದುಂಡಗೆ ಮಾಡಲು ಸಾಕು. ಗ್ಯಾರೇಜುಗಳಲ್ಲಿ ‘ಹೇಗೋ ಕೂರುತ್ತದಲ್ಲ’ ಎಂದು ನಡೆಯುವ ಈ ರೂಢಿ ಅನೇಕ ಕಷ್ಟಗಳ ಮೂಲವೆಂದೇ ಹೇಳಬೇಕು.

ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯದು ಮೇಲು, ಏಕೆಂದರೆ ಅದು ಮೂಲೆಯನ್ನಲ್ಲದೆ ಬದಿಯನ್ನೂ ಹಿಡಿಯುತ್ತದೆ. ಬಾಯ್ದೆರೆದ ಸ್ಪ್ಯಾನರ್ ಕೊನೆಯ ಆಯ್ಕೆಯಾಗಬೇಕು. ತಿರುಗುವ ದಿಕ್ಕನ್ನೂ ಖಚಿತಪಡಿಸಿಕೊಳ್ಳತಕ್ಕದ್ದು. ಬಹುತೇಕ ತಿರುಪುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಿಚ್ಚುತ್ತವೆಯಾದರೂ ಎಡಗೈ ಎಳೆಗಳೂ ಉಂಟು. ಅಮೆರಿಕದ ಕ್ರೈಸ್ಲರ್ ಕಾರುಗಳ ಎಡಬದಿಯ ಚಕ್ರಗಳ ನಟ್ಟುಗಳು ಬಹುಕಾಲ ಹಾಗಿದ್ದವು. ಗೊತ್ತಿಲ್ಲದೆ ಅಂಥದನ್ನು ಬಿಚ್ಚಲು ಹೊರಟವನು ಬಿಗಿಯುತ್ತಲೇ ಇರುತ್ತಾನೆ.

ಹೊರಗೆ ಕಾಣುವ ಎಳೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಶುಚಿಗೊಳಿಸುವುದು ಮುಂದಿನ ಕೆಲಸ. ಸ್ಟಡ್ಡಿನ ಹೊರತುದಿಯಲ್ಲಿ ತುಕ್ಕು ಉಳಿದಿದ್ದರೆ, ಸಡಿಲಗೊಂಡ ನಟ್ಟು ಮೇಲೇರಿ ಬಂದು ಅಲ್ಲಿ ಪುನಃ ಸಿಲುಕುತ್ತದೆ.

ಎಣ್ಣೆ ಮತ್ತು ಕಾಲ

ಸಂದಿನೊಳಗೆ ನುಸುಳುವ ತೆಳು ಎಣ್ಣೆಯನ್ನು ತೂರುಎಣ್ಣೆ ಎನ್ನಬಹುದು. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವ ಲೋಮನಾಳ ಕ್ರಿಯೆಯೇ ಇಲ್ಲಿಯೂ ನಡೆಯುತ್ತದೆ. ದ್ರವ ತೆಳುವಾಗಿದ್ದಷ್ಟೂ ಬೇಗ ಒಳಹೋಗುತ್ತದೆ. ಆದರೆ ಒಳಹೋದ ಮೇಲೆ ಜಾರಿಕೆಯನ್ನೂ ಕೊಡಬೇಕು. ಸೀಮೆಎಣ್ಣೆ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ, ಎರಡನೆಯದನ್ನು ಅಷ್ಟಾಗಿ ಮಾಡುವುದಿಲ್ಲ. ಅಸಿಟೋನ್ ಮತ್ತು ಸ್ವಯಂಚಾಲಿತ ಗೇರಿನ ಎಣ್ಣೆಯನ್ನು ಸಮಪಾಲು ಬೆರೆಸುವ ಮನೆಮದ್ದು ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ. ಇವೆರಡೂ ಬೇಗ ಬೇರೆಯಾಗುವುದರಿಂದ ಪ್ರತಿಸಲವೂ ಕುಲುಕಿ ಹಾಕಬೇಕು. ಅಸಿಟೋನ್ ಬಣ್ಣವನ್ನು ಕರಗಿಸುತ್ತದೆ ಮತ್ತು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಮೂಲತಃ 1953ರಲ್ಲಿ ಅಮೆರಿಕದಲ್ಲಿ ನೀರನ್ನು ದೂರವಿಡುವ ದ್ರವವಾಗಿ ತಯಾರಾದದ್ದು. ಅದರ ಹೆಸರಿನ ಅರ್ಥವೇ ನೀರನ್ನು ಹೊರದೂಡುವ 40ನೆಯ ಸೂತ್ರ ಎಂದು. ಹಗುರವಾಗಿ ಹಿಡಿದ ತಿರುಪಿಗೆ ಅದು ಸಾಕಾಗಬಹುದು. ಮೂವತ್ತು ವರ್ಷದ ತುಕ್ಕಿಗೆ ಅದನ್ನು ನೆಚ್ಚಿಕೊಳ್ಳುವುದು ಸರಿಯಲ್ಲ.

ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದು ಮುಖ್ಯ. ಬೆಳಿಗ್ಗೆ ಮತ್ತು ಸಂಜೆ ಕೆಲವು ಹನಿ ಹಾಕಿ, ಪ್ರತಿಸಲ ತಲೆಯನ್ನು ಹಗುರವಾಗಿ ಕುಟ್ಟಿ, ಎರಡು ಮೂರು ದಿನ ಬಿಡುವುದು ಹತ್ತು ನಿಮಿಷದ ಧಾರಾಳ ಸಿಂಪಡಣೆಗಿಂತ ಫಲಕಾರಿ. ಎಣ್ಣೆ ಕೆಳಮುಖವಾಗಿ ಇಳಿಯಲಾರದ ಕಡೆ ಸುತ್ತಲೂ ಜೇಡಿಮಣ್ಣು ಅಥವಾ ಮೇಣದ ಕಟ್ಟೆ ಕಟ್ಟಿ ಅದರಲ್ಲಿ ನಿಲ್ಲಿಸಬಹುದು.

ಹೊಡೆತ ಮತ್ತು ಹಿಂದೆ ಮುಂದೆ ತಿರುಗಿಸುವಿಕೆ

ತುಕ್ಕು ಗಟ್ಟಿಯಾದರೂ ಪೆಡಸು. ನಿಧಾನವಾದ ಎಳೆತಕ್ಕೆ ಮಣಿಯದ ಅದು ಚುರುಕಾದ ಹೊಡೆತಕ್ಕೆ ಬಿರುಕು ಬಿಡುತ್ತದೆ. ಬೋಲ್ಟಿನ ತಲೆಯ ಮೇಲೆ ಅಕ್ಷದ ನೇರಕ್ಕೆ ಸುತ್ತಿಗೆಯಿಂದ ಕೆಲವು ಏಟು ಕೊಟ್ಟರೆ ಎಣ್ಣೆಗೆ ದಾರಿಯಾಗುತ್ತದೆ. ಸ್ಟಡ್ಡಿನ ತುದಿಗೆ ಹೊಡೆಯುವಾಗ ಎಳೆ ಜಜ್ಜದಂತೆ ಹಿತ್ತಾಳೆಯ ತುಂಡನ್ನು ನಡುವೆ ಇಡಬೇಕು. ಎರಕದ ಕಬ್ಬಿಣದ ಕಿವಿಗಳ ಮೇಲೆ, ತೆಳು ಅಂಚುಗಳ ಮೇಲೆ ಹೊಡೆಯಲೇಬಾರದು. ಅವು ಬಾಗದೆ ಒಡೆಯುತ್ತವೆ.

ಅನಂತರ ಸ್ಪ್ಯಾನರ್ ಹಾಕಿ ಮೊದಲು ಬಿಗಿಯುವ ದಿಕ್ಕಿಗೆ ತುಸುವೇ ಒತ್ತುವುದು ಅನುಭವಿಗಳ ಕ್ರಮ. ವಿಚಿತ್ರವೆನಿಸಿದರೂ ಇದಕ್ಕೆ ಕಾರಣವಿದೆ: ಹಿಡಿತ ಒಡೆಯುವುದಷ್ಟೇ ಗುರಿ, ಯಾವ ದಿಕ್ಕಿನಲ್ಲಿ ಒಡೆದರೂ ಆಗುತ್ತದೆ. ಕಾಲು ಸುತ್ತು ಬಿಚ್ಚಿದ ಮೇಲೆ ಬಿಗಿಯೆನಿಸಿದರೆ ಅರ್ಧದಷ್ಟು ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಮುಂದಕ್ಕೆ ಬರಬೇಕು. ಉದುರಿದ ತುಕ್ಕಿನ ಪುಡಿ ಮುಂದಿನ ಎಳೆಗಳಲ್ಲಿ ಸೇರಿ ಮತ್ತೆ ಬೆಣೆಯಾಗದಂತೆ ಇದು ತಡೆಯುತ್ತದೆ.

ಇಲ್ಲಿ ಕೈಗೆ ಸಿಗುವ ಸೂಚನೆಯನ್ನು ಓದಲು ಕಲಿಯುವುದು ಅತಿ ಮುಖ್ಯ. ‘ಟಕ್’ ಎಂಬ ಸದ್ದಿನೊಂದಿಗೆ ಸಡಿಲವಾದರೆ ಹಿಡಿತ ಬಿಟ್ಟಿತೆಂದು ಅರ್ಥ. ಕಿರುಗುಟ್ಟುತ್ತ ತಿರುಗಿದರೂ ಚಿಂತೆಯಿಲ್ಲ. ಆದರೆ ಸದ್ದಿಲ್ಲದೆ, ರಬ್ಬರಿನಂತೆ ಮೆತ್ತಗೆ ತಿರುಗುತ್ತಿರುವಂತೆ ಅನಿಸಿದರೆ ತಿರುಗುತ್ತಿರುವುದು ತಲೆ ಮಾತ್ರ. ಕಾಂಡ ಒಳಗೆ ಹುರಿಯಾಗುತ್ತಿದೆ. ಆ ಕ್ಷಣದಲ್ಲಿ ನಿಲ್ಲಿಸಬೇಕು.

ಸ್ಪ್ಯಾನರಿಗೆ ಕೊಳವೆ ತೊಡಿಸಿ ಉದ್ದಮಾಡುವ ರೂಢಿಯ ಅಪಾಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 20 ಕಿಲೋಗ್ರಾಂ ತೂಕದಷ್ಟು ಬಲ ಹಾಕಿದರೆ ತಿರುಗುಬಲ ಸುಮಾರು 100 ನ್ಯೂಟನ್ ಮೀಟರ್. ಸಾಮಾನ್ಯ 8.8 ದರ್ಜೆಯ ಎಂ8 ಬೋಲ್ಟನ್ನು ಬಿಗಿಯುವುದು ಸುಮಾರು 25ಕ್ಕೆ, ಎಂ6 ಬೋಲ್ಟನ್ನು ಸುಮಾರು 10ಕ್ಕೆ. ಇವೆರಡನ್ನೂ ತುಂಡರಿಸಲು ಆ ಕೊಳವೆ ಧಾರಾಳ ಸಾಕು.

ಶಾಖ

ಎಣ್ಣೆಗೂ ಹೊಡೆತಕ್ಕೂ ಜಗ್ಗದ್ದು ಅನೇಕ ಸಲ ಶಾಖಕ್ಕೆ ಜಗ್ಗುತ್ತದೆ. ನಟ್ಟನ್ನು ಕಾಯಿಸಿದರೆ ಅದರ ರಂಧ್ರ ಕಿರಿದಾಗುತ್ತದೆಂಬ ತಪ್ಪು ಕಲ್ಪನೆ ವಿದ್ಯಾರ್ಥಿಗಳಲ್ಲಿ ಇರುವುದುಂಟು. ವಾಸ್ತವದಲ್ಲಿ ರಂಧ್ರವೂ ಲೋಹದೊಡನೆ ಹಿಗ್ಗುತ್ತದೆ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರೆರಚುತ್ತಿದ್ದುದು ಈ ತತ್ತ್ವದ ಮೇಲೆಯೇ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. ಅಲ್ಯೂಮಿನಿಯಂ ಸುಮಾರು 23 ಭಾಗ. 10 ಮಿಲಿಮೀಟರ್ ರಂಧ್ರದ ಉಕ್ಕಿನ ನಟ್ಟನ್ನು ಸ್ಟಡ್ಡಿಗಿಂತ 200 ಡಿಗ್ರಿ ಹೆಚ್ಚು ಕಾಯಿಸಿದರೆ ರಂಧ್ರ 0.024 ಮಿಲಿಮೀಟರ್ ಅಗಲವಾಗುತ್ತದೆ. ಕೇಳಲು ಅಲ್ಪ, ಆದರೆ ತುಕ್ಕಿನ ಬೆಸುಗೆ ಬಿರಿಯಲು ಅದು ಸಾಲುತ್ತದೆ.

ಆದ್ದರಿಂದ ಕಾಯಿಸಬೇಕಾದದ್ದು ಹೊರಗಿನ ಭಾಗವನ್ನು, ಅಂದರೆ ನಟ್ಟನ್ನು ಅಥವಾ ಸ್ಟಡ್ಡಿನ ಸುತ್ತಲಿನ ಎರಕವನ್ನು. ಬೋಲ್ಟೊಂದೇ ಕೈಗೆ ಸಿಗುವಲ್ಲಿ ಅದನ್ನೇ ಕಾಯಿಸಿ ಪೂರ್ತಿ ತಣಿಯಲು ಬಿಟ್ಟರೂ ಫಲವುಂಟು: ಕಾದಾಗ ಹಿಗ್ಗಿ ತುಕ್ಕನ್ನು ಜಜ್ಜುತ್ತದೆ, ತಣಿದಾಗ ಕುಗ್ಗಿ ಸಂದು ಬಿಡುತ್ತದೆ. ಬಿಸಿಯಿರುವಾಗ ಎಳೆಯ ಬುಡಕ್ಕೆ ಜೇನುಮೇಣ ಅಥವಾ ಮೇಣದಬತ್ತಿಯನ್ನು ತಾಗಿಸಿದರೆ ಕರಗಿದ ಮೇಣ ಒಳಕ್ಕೆ ಸೆಳೆಯಲ್ಪಡುತ್ತದೆ. ಹಳಬರ ಈ ಉಪಾಯ ಇಂದಿಗೂ ಸೋಲದು. ಮೇಣ ಹೊಗೆಯಾಡುವಷ್ಟು ಬಿಸಿಯಿದ್ದರೆ ಸ್ವಲ್ಪ ಕಾಯಬೇಕು, ಅಷ್ಟೆ.

ಅಲ್ಯೂಮಿನಿಯಮ್ಮನ್ನು ಕಾಯಿಸುವಾಗ ಹೆಚ್ಚಿನ ಎಚ್ಚರ ಅಗತ್ಯ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎರಕದ ಮಿಶ್ರಲೋಹಗಳು ಇನ್ನೂ ಮೊದಲೇ. ಉಕ್ಕಿನಂತೆ ಅದು ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. ಇದ್ದಂತೆಯೇ ಇದ್ದು ಒಮ್ಮೆಲೇ ಕುಸಿಯುತ್ತದೆ. ಬಿಸಿಗಾಳಿಯ ಗನ್ನು ಅಥವಾ ಸಾಧಾರಣ ಗ್ಯಾಸ್ ಜ್ವಾಲೆ ಸಾಕು. ಆಕ್ಸಿ ಅಸಿಟಲೀನ್ ಬೇಡ. ಕಾದ ಎರಕದ ಕಬ್ಬಿಣದ ಮೇಲೆ ನೀರು ಸುರಿಯಬಾರದು, ಬಿರುಕು ಬಿಡುತ್ತದೆ.

ಜ್ವಾಲೆ ಹಚ್ಚುವ ಮುನ್ನ ಕಾರ್ಬ್ಯುರೇಟರ್, ಪೆಟ್ರೋಲ್ ಕೊಳವೆ, ಎಣ್ಣೆ ಬಟ್ಟೆಗಳನ್ನು ದೂರ ಸರಿಸಿ, ಬೆಂಕಿ ಆರಿಸುವ ಸಾಧನವನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳತಕ್ಕದ್ದು. ಕ್ಲೋರಿನ್‌ಯುಕ್ತ ಬ್ರೇಕ್ ಕ್ಲೀನರ್ ಬಳಸಿದ ಭಾಗವನ್ನು ಕಾಯಿಸಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲವಾಗಿ ಬಳಕೆಯಾದದ್ದು ಇದೇ.

ಸ್ಟಡ್ಡುಗಳು ಮತ್ತು ಅಂಟಿಕೊಂಡ ಹೆಡ್ಡು

ಸ್ಟಡ್ಡಿಗೆ ತಲೆಯಿಲ್ಲದುದರಿಂದ ಎರಡು ನಟ್ಟುಗಳನ್ನು ಒಂದರ ಮೇಲೊಂದು ಹಾಕಿ ಪರಸ್ಪರ ಬಿಗಿದು, ಕೆಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸುತ್ತಾರೆ. ಹೆಚ್ಚು ಬಿಗಿಯಾದವಕ್ಕೆ ಕಾಂಡವನ್ನು ಕಚ್ಚಿಹಿಡಿಯುವ ಸ್ಟಡ್ ಎಕ್ಸ್‌ಟ್ರಾಕ್ಟರ್ ದೊರೆಯುತ್ತದೆ.

ನಟ್ಟುಗಳೆಲ್ಲ ಬಂದ ಮೇಲೂ ಅಲ್ಯೂಮಿನಿಯಂ ಹೆಡ್ಡು ಮೇಲೇಳದಿರುವುದು ಬೇರೆಯದೇ ತೊಡಕು. ಸ್ಟಡ್ಡಿನ ಕಾಂಡ ಹಾದುಹೋಗುವ ಉದ್ದನೆಯ ರಂಧ್ರದ ತುಂಬ ಬಿಳಿಯ ಪುಡಿ ಗಟ್ಟಿಯಾಗಿರುತ್ತದೆ. ಹೆಡ್ಡು ಮತ್ತು ಬ್ಲಾಕಿನ ಸಂದಿಗೆ ಉಳಿ ಹೊಡೆಯುವುದು ಇಲ್ಲಿ ಮಾಡಬಾರದ ಕೆಲಸ. ಆ ಸಮತಲಕ್ಕೆ ಬಿದ್ದ ಗೀರು ಮುಂದೆ ಗ್ಯಾಸ್ಕೆಟ್ಟಿನಿಂದ ಸೋರುತ್ತದೆ. ಇದಕ್ಕೊಂದು ಹಳೆಯ ಉಪಾಯವಿದೆ. ರಾಕರ್ ದಂಡವನ್ನು ತೆಗೆದು ಎಲ್ಲ ವಾಲ್ವುಗಳೂ ಮುಚ್ಚಿರುವಂತೆ ಮಾಡಿ, ಪಿಸ್ಟನ್ ಕೆಳಗಿರುವಾಗ ಪ್ಲಗ್ಗಿನ ರಂಧ್ರದ ಮೂಲಕ ಮೆತ್ತನೆಯ ಹತ್ತಿಯ ಹಗ್ಗವನ್ನು ಸಿಲಿಂಡರಿನೊಳಗೆ ತುಂಬುತ್ತಾರೆ. ಹಗ್ಗದ ತುದಿ ಹೊರಗೇ ಇರಬೇಕು. ನಂತರ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಪಿಸ್ಟನ್ ಹಗ್ಗವನ್ನು ಒತ್ತಿ ಹೆಡ್ಡನ್ನು ಒಳಗಿನಿಂದಲೇ ಎತ್ತುತ್ತದೆ. ಒಂದೇ ಸಿಲಿಂಡರಿನಲ್ಲಿ ಬಹಳ ಎತ್ತದೆ ಬೇರೆ ಬೇರೆ ಸಿಲಿಂಡರುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕು. ಇಲ್ಲವಾದರೆ ಹೆಡ್ಡು ಓರೆಯಾಗಿ ಸ್ಟಡ್ಡುಗಳ ಮೇಲೆ ಮತ್ತೆ ಸಿಲುಕುತ್ತದೆ.

ಸ್ಪಾರ್ಕ್ ಪ್ಲಗ್ಗು

ಈ ಕಾರುಗಳ ಪ್ಲಗ್ಗಿನ ಎಳೆ ಸಾಮಾನ್ಯವಾಗಿ 14 ಮಿಲಿಮೀಟರ್ ವ್ಯಾಸದ್ದು. ಅಲ್ಯೂಮಿನಿಯಂ ಹೆಡ್ಡಿನ ಪ್ಲಗ್ಗನ್ನು ಎಂಜಿನ್ ಸುಡುವಷ್ಟು ಬಿಸಿಯಿರುವಾಗ ಬಿಚ್ಚಬಾರದು, ಆಗ ಲೋಹ ಇನ್ನೂ ಮೆತ್ತಗಿರುತ್ತದೆ. ಸುತ್ತಲಿನ ಮಣ್ಣನ್ನು ಊದಿ ತೆಗೆದು, ಬುಡಕ್ಕೆ ಎಣ್ಣೆ ಬಿಟ್ಟು ರಾತ್ರಿಯಿಡೀ ಇರಿಸಿ, ಎಂಟನೇ ಒಂದು ಸುತ್ತಿನಂತೆ ಹಿಂದೆ ಮುಂದೆ ತಿರುಗಿಸುತ್ತ ಬರಬೇಕು. ಒಳಗೆ ಚಾಚಿಕೊಂಡ ತುದಿಯಲ್ಲಿ ಇಂಗಾಲ ಕೂತಿದ್ದರೆ ಆರಂಭದಲ್ಲಿ ಸಲೀಸಾಗಿ ಬಂದ ಪ್ಲಗ್ಗು ನಡುವೆ ಬಿಗಿಯಾಗುತ್ತದೆ. ಅದೇ ಎಳೆ ಕಿತ್ತುಹೋಗುವ ಹೊತ್ತು.

ತುಂಡಾದ ಮೇಲೆ

ಎಲ್ಲ ಎಚ್ಚರಿಕೆಯ ನಂತರವೂ ಕೆಲವು ಬೋಲ್ಟುಗಳು ಮುರಿಯುತ್ತವೆ. ಮುರಿದ ತುಂಡು ಮೇಲ್ಮೈಗಿಂತ ಹೊರಗೆ ಚಾಚಿದ್ದರೆ ಹಿಡಿದು ತಿರುಗಿಸುವ ಅವಕಾಶ ಉಳಿದಿದೆ. ಮೇಲ್ಮೈಗೆ ಸಮವಾಗಿದ್ದರೆ ಅದರ ಮೇಲೊಂದು ನಟ್ಟನ್ನಿಟ್ಟು ರಂಧ್ರದ ಮೂಲಕ ಬೆಸುಗೆ ಹಾಕುವುದು ಅತ್ಯುತ್ತಮ ವಿಧಾನ. ಬೆಸುಗೆಯ ಶಾಖವೇ ಅರ್ಧ ಕೆಲಸ ಮಾಡುತ್ತದೆ, ಹಿಡಿಯಲು ಹೊಸ ತಲೆಯೂ ಸಿಗುತ್ತದೆ. ಬೆಸುಗೆಯ ಉಕ್ಕು ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲವಾದ್ದರಿಂದ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಇದು ಇನ್ನೂ ಅನುಕೂಲ. ಕಾರಿನಲ್ಲೇ ಬೆಸುಗೆ ಹಾಕುವುದಾದರೆ ಬ್ಯಾಟರಿಯ ತಂತಿಗಳನ್ನು ಬಿಚ್ಚಿಡಬೇಕು.

ಇಲ್ಲವಾದರೆ ಕೊರೆಯಬೇಕು. ಇಲ್ಲಿ ಯಶಸ್ಸು ನಿರ್ಧಾರವಾಗುವುದು ಮೊದಲ ಗುರುತಿನಲ್ಲಿ. ಮುರಿದ ಮೈಯನ್ನು ಅರದಿಂದ ಸಮಮಾಡಿ, ನಟ್ಟನಡುವೆ ಪಂಚಿನಿಂದ ಗುಳಿಮಾಡಿ, ಸಣ್ಣ ಬಿಟ್ಟಿನಿಂದ ಆರಂಭಿಸಬೇಕು. ಉಕ್ಕಿನ ಸ್ಟಡ್ಡಿನ ಸುತ್ತ ಮೆತ್ತನೆಯ ಅಲ್ಯೂಮಿನಿಯಂ ಇರುವಾಗ ಬಿಟ್ಟು ಸುಲಭದ ದಾರಿ ಹಿಡಿದು ಪಕ್ಕಕ್ಕೆ ಜಾರುತ್ತದೆ. ಅದೇ ರಂಧ್ರಕ್ಕೆ ಸರಿಹೊಂದುವ ಉಕ್ಕಿನ ತೋಳನ್ನು ಮಾರ್ಗದರ್ಶಿಯಾಗಿ ಇಟ್ಟುಕೊಂಡರೆ ಜಾರದು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟುಗಳು ದೊರೆಯುತ್ತವೆ. ಕೊರೆಯುತ್ತಿರುವಾಗಲೇ ತುಂಡು ತಾನಾಗಿ ಬಿಚ್ಚಿ ಬರುವ ಸಂದರ್ಭಗಳು ಕಡಿಮೆಯೇನಲ್ಲ.

‘ಈಸಿ ಔಟ್’ ಎಂಬ ಸುರುಳಿ ಸಾಧನದ ಬಗ್ಗೆ ಒಂದು ಮಾತು ಅವಶ್ಯ. ಕೊರೆದ ರಂಧ್ರದಲ್ಲಿ ಎಡಕ್ಕೆ ತಿರುಗಿಸಿದಾಗ ಅದು ಕಚ್ಚಿಕೊಂಡು ತುಂಡನ್ನು ಹೊರತರಬೇಕು. ಹಿಡಿತವಿಲ್ಲದೆ ಸುಮ್ಮನೆ ಮುರಿದ ಬೋಲ್ಟಿಗೆ ಇದು ಯೋಗ್ಯ. ಆದರೆ ತುಕ್ಕಿನಿಂದ ಕಚ್ಚಿಕೊಂಡು ಮುರಿದದ್ದಕ್ಕೆ ಬಳಸಿದರೆ, ಇಡೀ ಬೋಲ್ಟೇ ತಾಳಲಾರದ ತಿರುಗುಬಲವನ್ನು ಅದಕ್ಕಿಂತ ಸಪೂರವಾದ ಈ ಸಾಧನ ತಾಳಬೇಕೆಂದು ನಿರೀಕ್ಷಿಸಿದಂತಾಗುತ್ತದೆ. ಅದು ಮುರಿದರೆ ಒಳಗುಳಿಯುವುದು ಗಟ್ಟಿಗೊಳಿಸಿದ ಉಕ್ಕು. ಸಾಮಾನ್ಯ ಬಿಟ್ಟು ಅದನ್ನು ಕೊರೆಯಲಾರದು. ಹೆಸರಿನಲ್ಲಿರುವ ಸುಲಭ ಅಲ್ಲಿಗೆ ಮುಗಿಯಿತು.

ಅಂತಹ ಸ್ಥಿತಿಯಲ್ಲಿ ನೆರವಾಗುವುದು ವಿದ್ಯುತ್ ಕಿಡಿಯಿಂದ ಲೋಹವನ್ನು ಕಣಕಣವಾಗಿ ಸವೆಸುವ ಯಂತ್ರ. ಸೋವಿಯತ್ ಒಕ್ಕೂಟದ ಲಜರೆಂಕೊ ದಂಪತಿಗಳು 1943ರಲ್ಲಿ ಈ ತತ್ತ್ವವನ್ನು ಲೋಹ ಕೆತ್ತಲು ಬಳಸಿದರು. ಅದೇ ದಶಕದಲ್ಲಿ ಅಮೆರಿಕದಲ್ಲಿ ಇಂತಹ ಯಂತ್ರಗಳ ಆರಂಭಿಕ ಬಳಕೆಯೇ ತುಂಡಾದ ಟ್ಯಾಪು ಮತ್ತು ಬಿಟ್ಟುಗಳನ್ನು ತೆಗೆಯಲು ಆಗಿತ್ತು. ಗಡಿಯಾರ ರಿಪೇರಿಯವರದು ಇದಕ್ಕಿಂತ ಸರಳವಾದ ದಾರಿ: ಹಿತ್ತಾಳೆಯ ತಟ್ಟೆಯಲ್ಲಿ ಮುರಿದ ಉಕ್ಕಿನ ತಿರುಪನ್ನು ಪಟಿಕದ ಬಿಸಿ ದ್ರಾವಣದಲ್ಲಿ ಮುಳುಗಿಸಿಟ್ಟರೆ ಉಕ್ಕು ಕರಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಕಬ್ಬಿಣದ ಬ್ಲಾಕಿಗೆ ಈ ಉಪಾಯ ಸಲ್ಲದು, ಅದೂ ಕರಗತೊಡಗುತ್ತದೆ.

ಎಳೆ ಹಾಳಾದ ರಂಧ್ರವನ್ನು ದೊಡ್ಡದು ಮಾಡಿ ಹೊಸ ಎಳೆ ಕೊರೆದು, ಹೆಲಿಕಾಯಿಲ್ ಎಂದು ಪ್ರಸಿದ್ಧವಾದ ತಂತಿಯ ಸುರುಳಿಯನ್ನು ಕೂರಿಸಿ ಮೂಲ ಅಳತೆಯ ಬೋಲ್ಟನ್ನೇ ಬಳಸಬಹುದು. ಅಲ್ಯೂಮಿನಿಯಮ್ಮಿನಲ್ಲಿ ಇದು ಮೊದಲಿನ ಎಳೆಗಿಂತಲೂ ಗಟ್ಟಿ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳ ಆಸುಪಾಸಿನ ಲೇತ್ ಅಂಗಡಿಗಳಲ್ಲಿ ಇಂತಹ ಕೆಲಸ ತಿಳಿದವರು ಸಿಗುತ್ತಾರೆ. ತುಂಡಾದ ಸ್ಟಡ್ಡಿನ ಮೇಲೆ ಮೂರು ಬಗೆಯ ಪ್ರಯೋಗ ಮಾಡಿ ಕೆಡಿಸಿದ ಮೇಲೆ ಒಯ್ಯುವುದಕ್ಕಿಂತ ಮೊದಲೇ ಒಯ್ಯುವುದು ಅಗ್ಗ.

ಮರುಜೋಡಣೆ

ಹೊಸ ಬೋಲ್ಟು ಹಾಕುವ ಮುನ್ನ ರಂಧ್ರದ ಎಳೆಗಳನ್ನು ಟ್ಯಾಪಿನಿಂದ ಶುಚಿಮಾಡಿ ಒಳಗಿನ ಎಣ್ಣೆ ಮತ್ತು ನೀರನ್ನು ಪೂರ್ತಿ ತೆಗೆಯಬೇಕು. ಕುರುಡು ರಂಧ್ರದಲ್ಲಿ ದ್ರವ ಉಳಿದಿದ್ದರೆ ಬೋಲ್ಟು ಇಳಿಯುತ್ತ ಬಂದಂತೆ ಅದು ಪಿಚಕಾರಿಯೊಳಗಿನ ನೀರಿನಂತೆ ಒತ್ತಡಕ್ಕೊಳಗಾಗಿ ಎರಕವನ್ನೇ ಸೀಳಬಲ್ಲದು. ಕೆಂಪಗೆ ಕಾಯಿಸಿದ ಅಥವಾ ಹುರಿಯಾದ ಬೋಲ್ಟುಗಳನ್ನು ಮರಳಿ ಬಳಸಬಾರದು. ನಿಷ್ಕಾಸದ ಸ್ಟಡ್ಡುಗಳಿಗೆ ಹಿತ್ತಾಳೆಯ ನಟ್ಟು ಹಾಕುವುದು ಹಳೆಯ ಒಳ್ಳೆಯ ಪದ್ಧತಿ. ಅದು ಉಕ್ಕಿನ ಮೇಲೆ ತುಕ್ಕಿನಿಂದ ಕಚ್ಚಿಕೊಳ್ಳುವುದಿಲ್ಲ. ತಾಮ್ರ ಅಥವಾ ನಿಕಲ್ ಪುಡಿಯುಳ್ಳ ಹಿಡಿತನಿರೋಧಕ ಲೇಪವನ್ನು ತೆಳುವಾಗಿ ಹಚ್ಚಬಹುದು. ಲೇಪವು ಘರ್ಷಣೆಯನ್ನು ತಗ್ಗಿಸುವುದರಿಂದ ಒಣ ಎಳೆಗೆಂದು ಕೈಪಿಡಿಯಲ್ಲಿ ಕೊಟ್ಟ ತಿರುಗುಬಲವನ್ನೇ ಹಾಕಿದರೆ ಬೋಲ್ಟು ಮಿತಿಮೀರಿ ಹಿಗ್ಗುತ್ತದೆ. ಆ ಅಂಕಿಯನ್ನು ಲೇಪದ ತಯಾರಕರ ಸೂಚನೆಯಂತೆ ಇಳಿಸಿಕೊಳ್ಳಬೇಕು.